ತೈಶೋ ಕಾಲ: ಬರೀ 14 ವರ್ಷಕ್ಕೆ ಒಂದು ಯುಗದ ಪಟ್ಟ ಯಾಕೆ?

ಬೆಳ್ಳಿಚುಕ್ಕಿ
ಎಲ್ಲರಿಗೂ ನಮಸ್ಕಾರ. ಮಗಳು ನೋಡುವ ಒಂದು ಆನಿಮೆಯ ಕಥೆ ನಡೆಯೋದು ಜಪಾನಿನ ತೈಶೋ ಕಾಲದಲ್ಲಂತೆ. ಅದ್ಯಾವ ಕಾಲ ಅಂತ ಕೇಳಿದಳು, ನಾನು ಹುಡುಕಿ ನೋಡಿದೆ. 1912ರಿಂದ 1926. ಅದಕ್ಕೆ ಮುಂಚೆ ಮೇಜಿ ಕಾಲ 44 ವರ್ಷ, ಆಮೇಲೆ ಶೋವಾ ಕಾಲ 62 ವರ್ಷ. ನಡುವೆ ಇದೊಂದು ಚಿಕ್ಕದು.

ಆ ಕಾಲದ ಚಕ್ರವರ್ತಿ ಯೋಶಿಹಿತೊಗೆ ಕೂಸಾಗಿದ್ದಾಗಲೇ ಮೆದುಳಿನ ಜ್ವರ ಬಂದಿತ್ತಂತೆ. ಆರೋಗ್ಯ ಯಾವತ್ತೂ ಗಟ್ಟಿ ಇರಲಿಲ್ಲ. 1921ರ ನವೆಂಬರ್‌ನಲ್ಲಿ ಮಗ ಹಿರೊಹಿತೊನನ್ನು ರೀಜೆಂಟ್ ಮಾಡಿದರು. ಅಂದ್ರೆ ಕೊನೆಯ ಐದು ವರ್ಷ ರಾಜ ಹೆಸರಿಗೆ ಮಾತ್ರ. ಹಾಗಿದ್ದರೂ ಪುಸ್ತಕಗಳಲ್ಲೆಲ್ಲ 'ತೈಶೋ ಪ್ರಜಾಪ್ರಭುತ್ವ', 'ತೈಶೋ ಸಂಸ್ಕೃತಿ' ಅಂತ ಬರೆಯುತ್ತಾರೆ. ಇದು ನಿಜವಾಗಿ ಒಂದು ಕಾಲಘಟ್ಟವಾ, ಅಥವಾ ಎರಡು ದೊಡ್ಡ ಕಾಲಗಳ ನಡುವಿನ ಸಂದಿಯಾ? ತಿಳಿದವರು ಹೇಳಿ.

ಚರಿತ್ರೆಮೇಷ್ಟ್ರು
ಒಳ್ಳೆ ಪ್ರಶ್ನೆ ಮೇಡಂ. ಮೊದಲು ಒಂದು ವಿಷಯ. ಒಬ್ಬ ಚಕ್ರವರ್ತಿಗೆ ಒಂದೇ ಕಾಲನಾಮ ಅನ್ನೋದು ಜಪಾನಿನ ಹಳೇ ಸಂಪ್ರದಾಯ ಅಲ್ಲವೇ ಅಲ್ಲ. 1868ರಲ್ಲಿ ಮೇಜಿ ಸರ್ಕಾರ ತಂದ ನಿಯಮ ಅದು. ಅದಕ್ಕೆ ಮುಂಚೆ ಭೂಕಂಪ, ಬೆಂಕಿ, ಅಪಶಕುನ ಏನಾದರೂ ಆದರೆ ಹೆಸರು ಬದಲಿಸುತ್ತಿದ್ದರು. ಮೇಜಿ ಚಕ್ರವರ್ತಿಯ ತಂದೆ ಕೋಮೇ ಇಪ್ಪತ್ತು ವರ್ಷ ಚಿಲ್ಲರೆ ಗದ್ದುಗೆಯಲ್ಲಿದ್ದ. ಅಷ್ಟರಲ್ಲಿ ಏಳು ಕಾಲನಾಮ ಬಂದು ಹೋದವು.

ಹಾಗಾಗಿ ರಾಜನ ಆಯುಷ್ಯವನ್ನೂ ದೇಶದ ಕಾಲವನ್ನೂ ಒಂದೇ ಗಂಟು ಹಾಕಿದ್ದು ಆಧುನಿಕ ಸರ್ಕಾರ. ದೇಶವನ್ನು ಚಕ್ರವರ್ತಿಯ ಸುತ್ತ ಕಟ್ಟಬೇಕಿತ್ತು, ಕ್ಯಾಲೆಂಡರನ್ನೂ ಆತನ ಸುತ್ತಲೇ ಕಟ್ಟಿದರು. ತೈಶೋ ಈ ನಿಯಮಕ್ಕೆ ಬಂದ ಮೊದಲ ಪರೀಕ್ಷೆ. ಮೇಜಿ ಸತ್ತಿದ್ದು 1912ರ ಜುಲೈ 30ಕ್ಕೆ. ಅದೇ ದಿನ ತೈಶೋ 1ನೇ ವರ್ಷ ಶುರು.

ಗೋಳಿಮರ
ಮೇಷ್ಟ್ರೇ, ಇದು ನಮ್ಮ ಪ್ರಭವ, ವಿಭವ ಸಂವತ್ಸರಗಳ ಹಾಗಾ?

ಚರಿತ್ರೆಮೇಷ್ಟ್ರು
ಇಲ್ಲಪ್ಪಾ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ, ರಾಜ ಯಾರಾದರೂ ಅದಕ್ಕೇನು. ಇದು ರಾಜನ ಜೊತೆ ಹುಟ್ಟಿ ರಾಜನ ಜೊತೆಗೇ ಮುಗಿಯುತ್ತೆ.

ಯೊಕೊಹಾಮಾವಾಸಿ
ಇಲ್ಲಿ ಹತ್ತಾರು ವರ್ಷದಿಂದ ಇದ್ದೀನಿ, ಇದು ಬರೀ ಪುಸ್ತಕದ ವಿಷಯ ಅಲ್ಲ ಅಂತ ಹೇಳಬೇಕು. ವಾರ್ಡ್ ಆಫೀಸು, ಆಸ್ಪತ್ರೆ, ಬ್ಯಾಂಕು, ಎಲ್ಲಿ ಫಾರ್ಮ್ ತುಂಬಿದರೂ ಹುಟ್ಟಿದ ದಿನದ ಪಕ್ಕ ಸಣ್ಣ ಅಕ್ಷರಗಳ ಸಾಲೊಂದು ಇರುತ್ತೆ. ಮೇಜಿ, ತೈಶೋ, ಶೋವಾ, ಹೇಸೇ, ರೇವಾ. ನಿಮ್ಮದಕ್ಕೆ ಒಂದು ಸುತ್ತು ಹಾಕಿ ಆಮೇಲೆ ವರ್ಷ ಬರೆಯಬೇಕು. ಈಗ ಎಷ್ಟೋ ಕಡೆ ಕ್ರಿಸ್ತಶಕದ ಚೌಕವೂ ಇರುತ್ತೆ. ಆದರೆ ಕೌಂಟರಿನ ಆಕಡೆ ಕೂತವರು ಅದನ್ನ ನೋಡಿ ಕೈಪಿಡಿಯ ಪಟ್ಟಿ ತೆಗೆದು ಶೋವಾಕ್ಕೆ ತಿರುಗಿಸಿಕೊಳ್ಳೋದನ್ನ ನಾನೇ ನೋಡಿದ್ದೀನಿ.

ಲೆಕ್ಕ ಸುಲಭ. ತೈಶೋ ವರ್ಷಕ್ಕೆ 1911 ಕೂಡಿಸಿ. ಶೋವಾಕ್ಕೆ 1925. ಹೇಸೇಗೆ 1988. ರೇವಾಕ್ಕೆ 2018.

ಇನ್ನೊಂದು ಮಾತು. ಮೇಜಿಯ ಹುಟ್ಟುಹಬ್ಬ ನವೆಂಬರ್ 3 ಇವತ್ತಿಗೂ ರಜೆ, ಸಂಸ್ಕೃತಿ ದಿನ ಅನ್ನೋ ಹೆಸರಲ್ಲಿ. ಏಪ್ರಿಲ್ 29 ಶೋವಾ ದಿನ, ಅದೂ ರಜೆ. ತೈಶೋಗೆ ಏನೂ ಇಲ್ಲ. ಮೇಜಿಗೆ ಟೋಕಿಯೋ ನಡುವೆ ಅಷ್ಟು ದೊಡ್ಡ ದೇಗುಲ ಇದೆ, ಅದು ಮುಗಿದಿದ್ದು 1920ರಲ್ಲಿ, ಅಂದ್ರೆ ತೈಶೋ ಕಾಲದಲ್ಲೇ! ಮಗನ ಕಾಲದಲ್ಲಿ ಅಪ್ಪನಿಗೆ ಕಟ್ಟಿದರು, ಮಗನಿಗೆ ಯಾರೂ ಕಟ್ಟಿಸಲಿಲ್ಲ.

ಮಂಡ್ಯದಗೌಡ
ಪಾಪ ಕಣ್ರೀ. ನಡುವಿನ ಮಗನ ಹಣೆಬರಹ ಎಲ್ಲ ಕಡೆ ಒಂದೇ 😄

ಚರಿತ್ರೆಮೇಷ್ಟ್ರು
ಈಗ ಬೆಳ್ಳಿಚುಕ್ಕಿಯವರ ಮೂಲ ಪ್ರಶ್ನೆಗೆ ಬರ್ತೀನಿ. ನನ್ನ ಪ್ರಕಾರ ತೈಶೋ ಅನ್ನೋದು ಒಂದು ಸರ್ಕಾರಿ ಡಬ್ಬಿ. ಅದರೊಳಗೆ ಹಾಕಿಟ್ಟ ಸಂಗತಿಗಳು ಅದಕ್ಕೆ ಹಿಡಿಸೋದಿಲ್ಲ.

'ತೈಶೋ ಪ್ರಜಾಪ್ರಭುತ್ವ'ವನ್ನೇ ತಗೊಳ್ಳಿ. ಅದರ ಶುರು ಎಲ್ಲಿ? ಎಷ್ಟೋ ಇತಿಹಾಸಕಾರರು 1905ಕ್ಕೆ ಹೋಗ್ತಾರೆ. ರಷ್ಯಾ ಜೊತೆ ಯುದ್ಧ ಗೆದ್ದರೂ ಒಪ್ಪಂದದಲ್ಲಿ ಪರಿಹಾರದ ಹಣ ಸಿಗಲಿಲ್ಲ. ತೆರಿಗೆ ಕಟ್ಟಿ ಸುಸ್ತಾಗಿದ್ದ ಜನ ಟೋಕಿಯೋದ ಹಿಬಿಯಾ ಪಾರ್ಕಿನಲ್ಲಿ ಸೇರಿದರು, ಅಲ್ಲಿಂದ ಪೊಲೀಸ್ ಚೌಕಿಗಳಿಗೆ ಬೆಂಕಿ ಬಿತ್ತು. ಸಾಮಾನ್ಯ ಜನ ಬೀದಿಗೆ ಬಂದು ರಾಜಕೀಯ ಮಾಡೋದು ಅಲ್ಲಿಂದ ಶುರು. ಅದು ಮೇಜಿ ಕಾಲ! ಮುಗಿದಿದ್ದು? 1932ರ ಮೇ 15ಕ್ಕೆ, ನೌಕಾದಳದ ಕಿರಿಯ ಅಧಿಕಾರಿಗಳು ಪ್ರಧಾನಿ ಇನುಕಾಯಿ ತ್ಸುಯೋಶಿಯನ್ನು ಮನೆಗೇ ನುಗ್ಗಿ ಕೊಂದಾಗ. ಅದು ಶೋವಾ 7. ಮುಂದೆ ಯುದ್ಧ ಮುಗಿಯುವವರೆಗೆ ಪಕ್ಷದ ಸರ್ಕಾರ ಬರಲೇ ಇಲ್ಲ.

ನಡುವೆ ಇರೋ ಕೊಂಡಿ ನೋಡಿ. ತೈಶೋ ಶುರುವಾದ ವರ್ಷವೇ ಸೇನೆ ಇನ್ನೆರಡು ಡಿವಿಷನ್ ಬೇಕು ಅಂತ ಹಟ ಹಿಡಿಯಿತು. ಸೇನಾ ಮಂತ್ರಿ ರಾಜೀನಾಮೆ ಕೊಟ್ಟ, ಪ್ರಧಾನಿ ಸಾಯೊಂಜಿಯ ಸರ್ಕಾರ ಬಿತ್ತು. ಕತ್ಸುರಾ ತಾರೊ ಮೂರನೇ ಸಲ ಪ್ರಧಾನಿ ಆದ, ಏನೇ ಅಡ್ಡಿ ಬಂದರೂ ಚಕ್ರವರ್ತಿಯ ಆಜ್ಞಾಪತ್ರ ತಂದು ತೋರಿಸೋದು ಅವನ ಅಭ್ಯಾಸ. 1913ರ ಫೆಬ್ರವರಿಯಲ್ಲಿ ಸಂಸದ ಒಜಾಕಿ ಯುಕಿಯೊ ಸದನದಲ್ಲೇ ಎದ್ದು ನಿಂತು, ಇವರು ಸಿಂಹಾಸನವನ್ನು ಕೋಟೆಗೋಡೆ ಮಾಡಿಕೊಂಡು ಆಜ್ಞಾಪತ್ರಗಳನ್ನು ಗುಂಡಿನ ಹಾಗೆ ಹಾರಿಸ್ತಿದ್ದಾರೆ ಅಂತ ನೇರ ಹೇಳಿಬಿಟ್ಟ. ಹೊರಗೆ ಸಾವಿರಾರು ಜನ ಸಂಸತ್ತನ್ನು ಸುತ್ತುವರಿದಿದ್ದರು. ಕತ್ಸುರಾ ಎರಡು ತಿಂಗಳಿಗೇ ಕೆಳಗಿಳಿದ. (ವಾಷಿಂಗ್ಟನ್ನಿಗೆ ಚೆರ್ರಿ ಮರಗಳನ್ನು ಕಳಿಸಿದ ಟೋಕಿಯೋ ಮೇಯರ್ ಇದೇ ಒಜಾಕಿ.) ಆ ಚಳವಳಿಯಲ್ಲಿ ಒಜಾಕಿಯ ಜೊತೆ ಮುಂದೆ ನಿಂತವನು ಇನುಕಾಯಿ. 1932ರಲ್ಲಿ ಸತ್ತವನೂ ಅವನೇ. ಒಬ್ಬ ಮನುಷ್ಯನ ರಾಜಕೀಯ ಬದುಕು ಮೂರು ಕಾಲನಾಮಗಳನ್ನು ದಾಟುತ್ತೆ. ಹಾಗಿದ್ದ ಮೇಲೆ ಡಬ್ಬಿ ಯಾಕೆ ಬೇಕು?

ಹಳೇನಾಣ್ಯ
ಮೇಷ್ಟ್ರೇ, ಒಪ್ಪಲ್ಲ. ಡಬ್ಬಿ ಸರ್ಕಾರದ್ದೇ ಇರಬಹುದು, ಜನ ಅದರೊಳಗೆ ಬದುಕಿದ್ದು ಸುಳ್ಳಲ್ಲವಲ್ಲ.

ಮೇಜಿಯ ಅಂತ್ಯಕ್ರಿಯೆ ನಡೆದಿದ್ದು 1912ರ ಸೆಪ್ಟೆಂಬರ್ 13ಕ್ಕೆ. ಅವತ್ತು ರಾತ್ರಿ ಜನರಲ್ ನೋಗಿ ಮತ್ತು ಹೆಂಡತಿ ಶಿಜುಕೊ ಮನೆಯಲ್ಲೇ ಪ್ರಾಣ ಕಳಕೊಂಡರು. ನೋಗಿ ರಷ್ಯಾ ಯುದ್ಧದ ಹೀರೋ. ಅವನು ಒಡೆಯನ ಹಿಂದೆಯೇ ಹೋದ. ಇಡೀ ದೇಶ ತಲೆಕೆಡಿಸಿಕೊಂಡಿತು. ಕೆಲವರು ಕೈಮುಗಿದರು, ಕೆಲವರು ಇದೆಲ್ಲ ಹಳೇ ಕಾಲದ ಹುಚ್ಚು ಅಂದರು. ಆದರೆ ಒಂದು ಕಾಲ ಮುಗೀತು ಅನ್ನೋ ಮಾತನ್ನು ಯಾರೂ ಅಲ್ಲಗಳೆಯಲಿಲ್ಲ.

ನನ್ನ ಹತ್ತಿರ ಹತ್ತು ಸೆನ್‌ನ ಒಂದು ನಾಣ್ಯ ಇದೆ. ನಿಕ್ಕಲ್ ಬೆರೆಸಿದ್ದು, ನಡುವೆ ತೂತು. ಅಂಚಿನಲ್ಲಿ ತೈಶೋ ವರ್ಷ. ಆಗಿನ ಬರಹವನ್ನ ಬಲದಿಂದ ಎಡಕ್ಕೆ ಓದಬೇಕು. ಅಂಗಡಿಯಲ್ಲಿ ಚಿಲ್ಲರೆ ಎಣಿಸುವವನ ಕೈಯಲ್ಲಿ ದಿನಾ ಇದ್ದ ವರ್ಷ ಅದು. 1923 ಅಂತ ಅವನಿಗೆ ಹೇಳಿದ್ದರೆ ಯಾವ ವರ್ಷ ಅಂತ ಗೊತ್ತಾಗೋದೇ ಕಷ್ಟ ಇತ್ತೇನೋ.

ಮಜಾ ಅಂದ್ರೆ 1912 ಚೀನಾ ಗಣರಾಜ್ಯದ 1ನೇ ವರ್ಷವೂ ಹೌದು. ಹಾಗಾಗಿ 1912ರಿಂದ 1926ರವರೆಗೆ ಜಪಾನಿನ ತೈಶೋ ವರ್ಷವೂ ಚೀನಾದ ಗಣರಾಜ್ಯದ ವರ್ಷವೂ ಒಂದೇ ಸಂಖ್ಯೆ. ತೈವಾನ್ ಇವತ್ತಿಗೂ ಆ ಗಣರಾಜ್ಯದ ಲೆಕ್ಕವನ್ನೇ ಎಣಿಸುತ್ತೆ. ಆದರೆ ಆಗ ಜಪಾನಿನ ಕೈಯಲ್ಲಿದ್ದ ತೈವಾನಿನಲ್ಲಿ ತೈಶೋ ವರ್ಷ ಬರೆಯಬೇಕಿತ್ತು. ನಾಣ್ಯ ಕೂಡಿಡುವವರಿಗೆ ಇದು ತಲೆನೋವು.

ತುಂಗೆಯಮಗಳು
ಹಳೇನಾಣ್ಯ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಆ ವರ್ಷದೊಳಗೆ ಎಲ್ಲರೂ ಇಷ್ಟಪಟ್ಟು ಬದುಕಲಿಲ್ಲ.

1910ರಲ್ಲಿ ಕೊರಿಯಾವನ್ನು ಜಪಾನ್ ನುಂಗಿತ್ತು. ಆಮೇಲೆ ಅಲ್ಲಿನ ಕಾಗದಪತ್ರ, ಕೊರಿಯನ್ ಭಾಷೆಯ ಪತ್ರಿಕೆ, ಎಲ್ಲದರ ಮೇಲೂ ಟೋಕಿಯೋ ಚಕ್ರವರ್ತಿಯ ವರ್ಷ. 1919ರ ಮಾರ್ಚ್ 1ಕ್ಕೆ ಸೋಲ್‌ನಲ್ಲಿ ಸ್ವಾತಂತ್ರ್ಯದ ಘೋಷಣೆ ಓದಿದರು, ಇಡೀ ದೇಶ ಬೀದಿಗಿಳಿಯಿತು. ಆ ಘೋಷಣಾಪತ್ರದ ಕೆಳಗೆ ಇರುವ ತಾರೀಖು ನೋಡಿ. ತೈಶೋ 8 ಅಂತ ಇಲ್ಲ. ಪುರಾಣದ ರಾಜ ದಂಗುನ್ ನಾಡು ಕಟ್ಟಿದ ಲೆಕ್ಕದಲ್ಲಿ 4252ನೇ ವರ್ಷ ಅಂತ ಇದೆ. ಕಾಗದದ ಮೂಲೆಯಲ್ಲಿನ ಒಂದು ಸಂಖ್ಯೆ, ಅದೂ ದಂಗೆಯೇ.

ಅದೇ 1919ರಲ್ಲಿ ಪ್ಯಾರಿಸ್ ಶಾಂತಿ ಸಭೆಯಲ್ಲಿ ಜನಾಂಗಗಳ ಸಮಾನತೆಯ ಮಾತು ಒಪ್ಪಂದದಲ್ಲಿ ಸೇರಲಿ ಅಂತ ಕೇಳಿದ್ದು ಜಪಾನ್. ಬಿಳಿಯರ ಮುಂದೆ ಸಮಾನತೆ ಬೇಕು, ಕೊರಿಯಾದವರಿಗೆ ಕೊಡೋಕೆ ಆಗಲ್ಲ. ಮೇಷ್ಟ್ರು ಹೇಳೋ ಪ್ರಜಾಪ್ರಭುತ್ವದ ಕಥೆಯಲ್ಲಿ ಈ ಪುಟವನ್ನೂ ಓದಬೇಕು.

ರೇಷ್ಮೆಗೂಡು
ಎಲ್ಲರೂ ಸಂಸತ್ತು, ಪ್ರಧಾನಿ ಅಂತಲೇ ಮಾತಾಡ್ತಿದ್ದೀರಿ. ನನ್ನ ದೃಷ್ಟಿಯಲ್ಲಿ ಆ ಕಾಲವನ್ನು ತಿರುಗಿಸಿದವರು ಮೀನುಗಾರರ ಮನೆಯ ಹೆಂಗಸರು.

1914ರಲ್ಲಿ ಮಹಾಯುದ್ಧ ಶುರುವಾದಾಗ ಜಪಾನ್ ಬ್ರಿಟನ್ ಕಡೆ ಸೇರಿತು, ಚೀನಾದಲ್ಲಿ ಜರ್ಮನಿಯ ಕೈಲಿದ್ದ ಚಿಂಗ್ಡಾವೋ ಹಿಡಿಯಿತು. ಯುರೋಪಿನ ಕಾರ್ಖಾನೆಗಳೆಲ್ಲ ಗುಂಡು ಮಾಡೋದರಲ್ಲಿ ಬಿಜಿ. ಏಷ್ಯಾದ ಮಾರುಕಟ್ಟೆ ಖಾಲಿ. ಬಟ್ಟೆ, ಹಡಗು, ರೇಷ್ಮೆ, ಎಲ್ಲ ಜಪಾನಿನದೇ ದರ್ಬಾರು. ದಿಢೀರ್ ಸಾಹುಕಾರರು ಹುಟ್ಟಿಕೊಂಡರು. ಕತ್ತಲಲ್ಲಿ ಚಪ್ಪಲಿ ಹುಡುಕೋಕೆ ನೂರು ಯೆನ್ ನೋಟಿಗೆ ಬೆಂಕಿ ಹಚ್ಚಿ ಹಿಡಿದ ಸಾಹುಕಾರನ ವ್ಯಂಗ್ಯಚಿತ್ರ ಅಲ್ಲಿನ ಶಾಲೆ ಮಕ್ಕಳಿಗೆಲ್ಲ ಗೊತ್ತು.

ಆದರೆ ಅಕ್ಕಿ ಬೆಲೆ? 1918ರಲ್ಲಿ ಕೆಲವೇ ತಿಂಗಳಲ್ಲಿ ದುಪ್ಪಟ್ಟು ದಾಟಿತು. ಸೈಬೀರಿಯಾಕ್ಕೆ ಸೈನ್ಯ ಹೊರಡುತ್ತೆ ಅಂತ ಸುದ್ದಿ ಆದ ಮೇಲೆ ವರ್ತಕರು ಮೂಟೆ ಕೂಡಿಟ್ಟರು. ಜುಲೈನಲ್ಲಿ ತೊಯಾಮಾ ಕರಾವಳಿಯ ಉವೋಜು ಊರಲ್ಲಿ ಹೆಂಗಸರು ಬಂದರಿಗೆ ಹೋಗಿ, ನಮ್ಮೂರ ಅಕ್ಕಿ ಹಡಗಿಗೆ ಏರಿಸಬೇಡಿ ಅಂತ ಅಡ್ಡ ನಿಂತರು. ಅಷ್ಟೇ. ಅಲ್ಲಿಂದ ಕ್ಯೋಟೋ, ಓಸಾಕಾ, ಕೋಬೆ, ಗಣಿ ಊರುಗಳು, ದೇಶದ ಬಹುಪಾಲು ಹತ್ತಿಕೊಂಡಿತು. ಕೋಬೆಯಲ್ಲಿ ಸುಜುಕಿ ವರ್ತಕ ಮನೆತನದ ಮುಖ್ಯ ಕಚೇರಿಯನ್ನೇ ಸುಟ್ಟರು. ಸರ್ಕಾರ ಸೈನ್ಯ ಇಳಿಸಿತು, ಗಲಭೆಯ ಸುದ್ದಿ ಬರೀಬೇಡಿ ಅಂತ ಪತ್ರಿಕೆಗಳ ಬಾಯಿ ಮುಚ್ಚಿಸಿತು. ಕೊನೆಗೆ ಪ್ರಧಾನಿ ತೆರೌಚಿಯೇ ಹೋಗಬೇಕಾಯಿತು. ಆ ಜಾಗಕ್ಕೆ ಬಂದವನು ಹಾರಾ ತಕಾಶಿ. ಬಿರುದು ಬಾವಲಿ ಇಲ್ಲದ ಮೊದಲ ಪ್ರಧಾನಿ.

ನಮ್ಮ ಕಡೆಯದೊಂದು ಎಳೆ ಇದೆ, ಕಾಲ ಮಾತ್ರ ಮೇಜಿಯದು. ಜೆಮ್‌ಷೆಡ್‌ಜಿ ಟಾಟಾ 1893ರಲ್ಲಿ ಜಪಾನ್ ನೋಡಿ ಬಂದು, ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ತೋಟ ಮಾಡಿಸಿದರು. ಅಲ್ಲಿಂದ ಕಲಿಸುವವರನ್ನೂ ಕರೆಸಿದ್ದರು. ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರ್ಮ್ ಅಂತ ಇವತ್ತಿಗೂ ಹೆಸರಿದೆಯಲ್ಲ, ಅದೇ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿದ್ದೂ 1898ರಲ್ಲಿ. ನಮ್ಮವರು ನೋಡಿ ಮೆಚ್ಚಿದ್ದು ಮೇಜಿಯ ಶಾಲೆ ಮತ್ತು ಕಾರ್ಖಾನೆ. ಅದೇ ಕಾರ್ಖಾನೆಯ ಒಳಗೆ ದಿನಕ್ಕೆ ಹನ್ನೆರಡು ಗಂಟೆ ಮೀರಿ ನೂಲು ಬಿಚ್ಚುತ್ತಿದ್ದ ಹಳ್ಳಿ ಹುಡುಗಿಯರ ಕಥೆ ಹೊರಗೆ ಬರಲಿಲ್ಲ. ಕಾರ್ಖಾನೆ ಕಾಯ್ದೆ ಪಾಸಾಗಿದ್ದು 1911, ಜಾರಿಗೆ ಬಂದಿದ್ದು 1916. ಹೆಂಗಸರ ರಾತ್ರಿ ಪಾಳಿ ನಿಲ್ಲೋಕೆ 1929 ಆಗಬೇಕಾಯಿತು. ಆ ಹುಡುಗಿಯರಿಗೆ ತೈಶೋ ಬಂದರೇನು, ಶೋವಾ ಬಂದರೇನು?

ಯೊಕೊಹಾಮಾವಾಸಿ
ಹಾರಾ ಬಗ್ಗೆ: ಟೋಕಿಯೋ ಸ್ಟೇಷನ್ನಿಗೆ ಬಂದರೆ ಮರುನೊಉಚಿ ಕಡೆಯ ದಕ್ಷಿಣ ಗೇಟಿನ ಹತ್ತಿರ ನೆಲ ನೋಡಿ. ಒಂದು ಸಣ್ಣ ಗುರುತು ಇದೆ. 1921ರ ನವೆಂಬರ್ 4ಕ್ಕೆ ರೈಲ್ವೆಯ ಒಬ್ಬ ಹುಡುಗ ಅವನಿಗೆ ಅಲ್ಲೇ ಚಾಕು ಹಾಕಿದ್ದು. ದಿನಾ ಲಕ್ಷಾಂತರ ಜನ ಅದರ ಪಕ್ಕದಲ್ಲೇ ಓಡಾಡ್ತಾರೆ, ಯಾರೂ ಬಗ್ಗಿ ನೋಡಲ್ಲ. ಆ ಸ್ಟೇಷನ್ನೂ ತೈಶೋ ಕಾಲದ್ದೇ, ತೆರೆದಿದ್ದು 1914ರ ಡಿಸೆಂಬರ್.

ಮಲ್ನಾಡ್‌ಹುಡ್ಗ
ಹಾರಾ ಒಳ್ಳೆಯವನಾ ಕೆಟ್ಟವನಾ? ಸಾಮಾನ್ಯರ ಪ್ರಧಾನಿ ಅಂತಾರೆ, ಆದ್ರೆ ಎಲ್ಲರಿಗೂ ವೋಟು ಬೇಡ ಅಂದಿದ್ದೂ ಅವನೇ ಅಂತ ಎಲ್ಲೋ ಓದಿದ ನೆನಪು.

ಚರಿತ್ರೆಮೇಷ್ಟ್ರು
ಎರಡೂ ನಿಜ ಕಣೋ. ಅವನು ಲೆಕ್ಕಾಚಾರದ ಮನುಷ್ಯ. ವೋಟು ಹಾಕೋಕೆ ಹತ್ತು ಯೆನ್ ನೇರ ತೆರಿಗೆ ಕಟ್ಟಿರಬೇಕಿತ್ತು, 1919ರಲ್ಲಿ ಅದನ್ನ ಮೂರಕ್ಕೆ ಇಳಿಸಿದ. ಅದರಿಂದ ಸಣ್ಣ ಜಮೀನುದಾರರು ಒಳಗೆ ಬಂದರು, ಅವರೆಲ್ಲ ಅವನ ಪಕ್ಷದವರು. ಎಲ್ಲ ಗಂಡಸರಿಗೂ ವೋಟು ಅಂತ ವಿರೋಧ ಪಕ್ಷ ಮಸೂದೆ ತಂದಾಗ 1920ರಲ್ಲಿ ಸದನವನ್ನೇ ವಿಸರ್ಜಿಸಿಬಿಟ್ಟ. ಊರೂರಿಗೆ ರೈಲು, ಶಾಲೆ, ಬಂದರು ಕೊಡ್ತೀನಿ ಅಂತ ವೋಟು ತಗೊಳ್ಳೋ ವಿದ್ಯೆಯಲ್ಲಿ ಅವನು ಪಳಗಿದವನು.

ತುಂಗೆಯಮಗಳು
ಎಲ್ಲ ಗಂಡಸರಿಗೂ ವೋಟು ಬಂದಿದ್ದು 1925ರಲ್ಲಿ, ಕಾತೊ ತಕಾಅಕಿ ಪ್ರಧಾನಿ ಆಗಿದ್ದಾಗ. 25 ತುಂಬಿದ ಗಂಡಸರು. ಮತದಾರರು ಸುಮಾರು 33 ಲಕ್ಷದಿಂದ 1 ಕೋಟಿ 24 ಲಕ್ಷಕ್ಕೆ ಏರಿದರು. ಅದೇ ಅಧಿವೇಶನದಲ್ಲಿ, ಅದೇ ಸರ್ಕಾರ ಇನ್ನೊಂದು ಕಾಯ್ದೆಯನ್ನೂ ತಂದಿತು. ಶಾಂತಿ ಪಾಲನಾ ಕಾಯ್ದೆ. ದೇಶದ ರಾಜವ್ಯವಸ್ಥೆ ಬದಲಾಗಬೇಕು, ಖಾಸಗಿ ಆಸ್ತಿ ಹೋಗಬೇಕು ಅನ್ನೋ ಸಂಘ ಕಟ್ಟಿದರೆ ಹತ್ತು ವರ್ಷದವರೆಗೆ ಜೈಲು. ಮೂರೇ ವರ್ಷದಲ್ಲಿ ಅದಕ್ಕೆ ಮರಣದಂಡನೆಯನ್ನೂ ಸೇರಿಸಿದರು. ನನಗೆ ಇದೇ ತೈಶೋ. ವೋಟಿನ ಚೀಟಿ, ಪೊಲೀಸರ ವಾರಂಟು, ಎರಡೂ ಒಂದೇ ಅಧಿವೇಶನದ ಮಕ್ಕಳು.

ಹೆಂಗಸರಿಗೆ ಏನು ಸಿಕ್ತು ಅಂತ ಕೇಳಬೇಡಿ. ರಾಜಕೀಯ ಸಭೆಗೆ ಹೋಗಿ ಕೂರೋಕೇ 1922ರವರೆಗೆ ಕಾಯಬೇಕಾಯಿತು. ವೋಟು ಹಾಕಿದ್ದು 1946ರಲ್ಲಿ. ಹಿರಾತ್ಸುಕಾ ರಾಯ್ಚೋ ಮತ್ತು ಗೆಳತಿಯರು ಹೆಂಗಸರದೇ ಪತ್ರಿಕೆ ಶುರುಮಾಡಿದ್ದು 1911ರಲ್ಲಿ, ಮೇಷ್ಟ್ರ ಮಾತಿಗೆ ಸರಿಯಾಗಿ ಅದೂ ಮೇಜಿಯ ಬಾಲದಲ್ಲೇ.

ಇನ್ನೊಂದನ್ನ ಬಿಡೋ ಹಾಗಿಲ್ಲ. 1922ರ ಮಾರ್ಚ್ 3ಕ್ಕೆ ಕ್ಯೋಟೋದಲ್ಲಿ ಸುಯಿಹೇಶಾ ಹುಟ್ಟಿತು. ಚರ್ಮದ ಕೆಲಸ, ಕಸಾಯಿ ಕೆಲಸ ಅಂತ ತಲೆತಲಾಂತರದಿಂದ ದೂರ ಇಟ್ಟಿದ್ದ ಬುರಾಕು ಜನ ತಾವೇ ಕಟ್ಟಿಕೊಂಡ ಸಂಘ. ಕಾನೂನಿನಲ್ಲಿ ಅವರ ಮೇಲಿನ ಭೇದ 1871ರಲ್ಲೇ ಹೋಗಿತ್ತು. ಊರಿನಲ್ಲಿ ಹೋಗಿರಲಿಲ್ಲ. ಇದನ್ನ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಮಂಡ್ಯದಗೌಡ
ಇಷ್ಟೆಲ್ಲ ಆದ್ರೂ ಭೂಕಂಪದ ಮಾತು ಯಾರೂ ಎತ್ತಲಿಲ್ಲ. ತೈಶೋ ಅಂದ್ರೆ ನನಗೆ ಗೊತ್ತಿರೋದೇ ಅದೊಂದು.

ಯೊಕೊಹಾಮಾವಾಸಿ
ಎತ್ತೋಣ. ಈ ಊರು ಅವತ್ತು ಪೂರಾ ನೆಲಸಮ ಆಗಿತ್ತು.

1923ರ ಸೆಪ್ಟೆಂಬರ್ 1, ಬೆಳಗ್ಗೆ 11 ಗಂಟೆ 58 ನಿಮಿಷ. ಮಧ್ಯಾಹ್ನದ ಅಡುಗೆಗೆ ಮನೆಮನೆಯಲ್ಲೂ ಒಲೆ ಉರಿಯುತ್ತಿತ್ತು, ಮನೆಗಳೆಲ್ಲ ಮರದ್ದು, ಮೇಲೆ ಜೋರು ಗಾಳಿ. ನಡುಕಕ್ಕಿಂತ ಬೆಂಕಿಗೆ ಸತ್ತವರೇ ಜಾಸ್ತಿ. ಸತ್ತವರು, ಕಾಣೆಯಾದವರು ಸೇರಿ ಸುಮಾರು 1,05,000. ಟೋಕಿಯೋದ ಹೊಂಜೋದಲ್ಲಿ ಸೇನೆಯ ಹಳೇ ಬಟ್ಟೆ ಡಿಪೋದ ಖಾಲಿ ಮೈದಾನ ಇತ್ತು. ಬಯಲು, ಬೆಂಕಿ ಬರಲ್ಲ ಅಂತ ಜನ ಹಾಸಿಗೆ, ಪೆಟ್ಟಿಗೆ ಹೊತ್ತು ಅಲ್ಲಿ ಸೇರಿದರು. ಆ ಸಾಮಾನಿಗೇ ಕಿಡಿ ಹತ್ತಿತು. ಬೆಂಕಿಯ ಸುಂಟರಗಾಳಿ ಎದ್ದು ಅಲ್ಲೊಂದರಲ್ಲೇ ಸುಮಾರು 38,000 ಜನ ಹೋದರು.

ಆಮೇಲೆ ಆಗಿದ್ದು ಇನ್ನೂ ಕೆಟ್ಟದ್ದು. ಕೊರಿಯಾದವರು ಬಾವಿಗೆ ವಿಷ ಹಾಕ್ತಿದ್ದಾರೆ ಅಂತ ಗಾಳಿಸುದ್ದಿ ಹಬ್ಬಿತು. ಬೀದಿಬೀದಿಯಲ್ಲಿ ಬಿದಿರು ಈಟಿ, ಕತ್ತಿ ಹಿಡಿದ ಕಾವಲು ಗುಂಪುಗಳು ನಿಂತವು. ದಾರಿಹೋಕರನ್ನು ತಡೆದು, 'ಹದಿನೈದು ಯೆನ್ ಐವತ್ತು ಸೆನ್' ಅಂತ ಜಪಾನಿಯಲ್ಲಿ ಹೇಳಿಸುತ್ತಿದ್ದರು. ಉಚ್ಚಾರ ತಪ್ಪಿದರೆ ಮುಗೀತು. ಎಷ್ಟು ಜನ ಕೊರಿಯನ್ನರು ಸತ್ತರು ಅನ್ನೋ ಲೆಕ್ಕ ಸರ್ಕಾರದ ಪ್ರಕಾರ ನೂರುಗಳಲ್ಲಿ ಇದೆ, ಬೇರೆ ಲೆಕ್ಕಗಳು ಆರು ಸಾವಿರದವರೆಗೆ ಹೋಗುತ್ತವೆ. ಚೀನಾದವರೂ ಸತ್ತರು. ಚಿಬಾದ ಫುಕುದಾ ಹಳ್ಳಿಯಲ್ಲಿ, ದೂರದ ಕಾಗಾವಾದಿಂದ ಔಷಧಿ ಮಾರೋಕೆ ಬಂದಿದ್ದ ಗುಂಪಿನ ಮಾತಿನ ಧಾಟಿ ಬೇರೆ ಇದೆ ಅಂತ ಒಂಬತ್ತು ಜನರನ್ನ ಕೊಂದರು. ಮಕ್ಕಳು, ಬಸುರಿ ಹೆಂಗಸು ಸೇರಿ. ಅವರು ಜಪಾನಿಗಳೇ. ತುಂಗೆಯಮಗಳು ಹೇಳಿದ ಬುರಾಕು ಸಮುದಾಯದವರು.

ಅದೇ ಗಲಾಟೆಯಲ್ಲಿ ಸೇನಾ ಪೊಲೀಸರು ಅರಾಜಕತಾವಾದಿ ಓಸುಗಿ ಸಾಕಾಯೆ, ಅವನ ಸಂಗಾತಿ ಲೇಖಕಿ ಇತೊ ನೋಯೆ, ಅವನ ತಂಗಿಯ ಆರು ವರ್ಷದ ಮಗ, ಮೂವರನ್ನೂ ಕೊಂದು ಬಾವಿಗೆ ಹಾಕಿದರು.

ಹಳೇನಾಣ್ಯ
ನನ್ನ ವಾದಕ್ಕೆ ಇದೇ ಸಾಕ್ಷಿ. ಮೇಜಿಗೂ ಮುಂಚಿನ ಎದೋ ಕಾಲದ ಹಳೇ ಟೋಕಿಯೋ ಅವತ್ತು ಸುಟ್ಟುಹೋಯಿತು. ಆಮೇಲೆ ಎದ್ದ ಊರು ಬೇರೆಯೇ. ಕಾಂಕ್ರೀಟು, ಕೆಫೆ, ಉಪನಗರದ ರೈಲು, ಕೂದಲು ಕತ್ತರಿಸಿದ 'ಮೊಗಾ' (ಮಾಡರ್ನ್ ಗರ್ಲ್) ಹುಡುಗಿಯರು. 1925ರ ಮಾರ್ಚಿನಲ್ಲಿ ರೇಡಿಯೋ ಶುರು. ತೈಶೋ ಅಂದ್ರೆ ಜನರ ಕಣ್ಣಿಗೆ ಬರೋ ಚಿತ್ರ ಇದು.

ಚರಿತ್ರೆಮೇಷ್ಟ್ರು
ಹಾಗಾದರೆ ಗಡಿ ಹಾಕಬೇಕಾದ್ದು 1923ಕ್ಕೆ, 1926ಕ್ಕೆ ಅಲ್ಲ. ನೀವು ನನ್ನ ಪಾಳೆಯಕ್ಕೇ ಬಂದಿರಿ ಸ್ವಾಮಿ! ಆ ಮೊಗಾ ಹುಡುಗಿಯರು ಜಾಸ್ತಿ ಕಂಡಿದ್ದೂ ಶೋವಾದ ಮೊದಲ ವರ್ಷಗಳಲ್ಲೇ.

ಹಳೇನಾಣ್ಯ
ಎಲ್ಲೂ ಬಂದಿಲ್ಲ. ಭೂಕಂಪಕ್ಕೆ 'ತೈಶೋ ದೊಡ್ಡ ಭೂಕಂಪ' ಅನ್ನೋ ಹೆಸರೂ ಇತ್ತು ಆಗ.

ಬೆಳ್ಳಿಚುಕ್ಕಿ
ಎಷ್ಟೊಂದು ವಿಷಯ! ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ನೋಡಿ, ಇಷ್ಟು ಮಾತಲ್ಲಿ ಆ ಚಕ್ರವರ್ತಿಯ ಬಗ್ಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಸಂಸತ್ತಿನಲ್ಲಿ ಭಾಷಣದ ಕಾಗದವನ್ನು ಸುರುಳಿ ಸುತ್ತಿ ದುರ್ಬೀನಿನ ಹಾಗೆ ನೋಡಿದ ಅನ್ನೋ ಕಥೆ ನಿಜವಾ?

ಚರಿತ್ರೆಮೇಷ್ಟ್ರು
ಅದು ವದಂತಿ ಮೇಡಂ. ಕಂಡೆ ಅಂದವರ ಮಾತುಗಳು ಒಂದಕ್ಕೊಂದು ಹೊಂದೋದಿಲ್ಲ. ಕಾಗದ ಸರಿಯಾಗಿ ಸುತ್ತಿಕೊಂಡಿದೆಯಾ ಅಂತ ನೋಡಿದ್ದಷ್ಟೇ ಅನ್ನೋರೂ ಇದ್ದಾರೆ. ಹುಚ್ಚುರಾಜ ಅನ್ನೋ ಚಿತ್ರಕ್ಕೆ ಅದು ಚೆನ್ನಾಗಿ ಒಗ್ಗಿತು, ಹಾಗೇ ಉಳಿದುಬಿಟ್ಟಿತು.

ನಿಜಕ್ಕೂ ಯುವರಾಜನಾಗಿದ್ದಾಗ ಅವನು ದೇಶದ ಬಹುತೇಕ ಎಲ್ಲ ಪ್ರಾಂತ್ಯ ಸುತ್ತಿದ್ದ. ಜನರ ಜೊತೆ ಸಲೀಸಾಗಿ ಮಾತಾಡೋ ಸ್ವಭಾವ. 1907ರಲ್ಲಿ ಕೊರಿಯಾಕ್ಕೆ ಹೋಗಿ ಬಂದ ಮೇಲೆ ಆ ಭಾಷೆಯನ್ನೂ ಸ್ವಲ್ಪ ಕಲಿತ. ಚೀನೀ ಶೈಲಿಯಲ್ಲಿ ಸಾವಿರಕ್ಕೂ ಹೆಚ್ಚು ಕವಿತೆ ಬರೆದಿದ್ದಾನೆ. ಚಕ್ರವರ್ತಿ ಆದ ಮೇಲೆ ಅರಮನೆಯ ಕಟ್ಟುಪಾಡು ಅವನನ್ನು ಹಣ್ಣು ಮಾಡಿತು. ಮೇಜಿಯ ಹಾಗೆ ದೇವರಂತೆ ಕೂರೋದು ಅವನ ಕೈಲಿ ಆಗಲಿಲ್ಲ. ಹಾಗೆ ಕೂತಿದ್ದರೆ ಪಕ್ಷಗಳಿಗೆ ಅಷ್ಟು ಜಾಗ ಸಿಗುತ್ತಿತ್ತಾ ಅನ್ನೋದು ಬೇರೆ ಪ್ರಶ್ನೆ. ಚಕ್ರವರ್ತಿ ರಾಜ್ಯದ ಒಂದು ಅಂಗ ಮಾತ್ರ ಅಂತ ಕಾನೂನು ಪ್ರೊಫೆಸರ್ ಮಿನೊಬೆ ತತ್ಸುಕಿಚಿ ಆಗ ಯೂನಿವರ್ಸಿಟಿಯಲ್ಲಿ ರಾಜಾರೋಷವಾಗಿ ಪಾಠ ಮಾಡಿದ. 1935ರಲ್ಲಿ ಅದೇ ಮಾತಿಗೆ ರಾಜದ್ರೋಹ ಅಂತ ಮೇಲೆ ಬಿದ್ದರು, ಪುಸ್ತಕಗಳನ್ನು ನಿಷೇಧಿಸಿದರು, ಮೇಲ್ಮನೆ ಬಿಡಿಸಿದರು.

ತುಂಗೆಯಮಗಳು
ಅಂದ್ರೆ ರಾಜ ಕಾಣಿಸದೇ ಇದ್ದಿದ್ದೇ ಆ ರಾಜನ ಕಾಲದ ಗುಣ. ಮೇಷ್ಟ್ರೇ, ಈಗ ನೀವೇ ತೈಶೋಗೆ ಒಂದು ಲಕ್ಷಣ ಹುಡುಕಿಕೊಟ್ಟಿರಿ. ಡಬ್ಬಿ ಬೇಡ ಅಂತಿದ್ದಿರಿ!

ಚರಿತ್ರೆಮೇಷ್ಟ್ರು
ಹ್ಹ. ಅದನ್ನ ಯೋಚನೆ ಮಾಡಬೇಕು. ಆದರೂ 1905–1932 ಅನ್ನೋ ನನ್ನ ಗಡಿ ಬಿಡಲ್ಲ.

ಮಲ್ನಾಡ್‌ಹುಡ್ಗ
ಒಂದು ಡೌಟು. ಯೊಕೊಹಾಮಾವಾಸಿಯವರ ಲೆಕ್ಕದಲ್ಲಿ 1926 ತೈಶೋ 15 ಕೂಡ, ಶೋವಾ 1 ಕೂಡ ಆಗುತ್ತಲ್ಲ? ಎರಡೂ ಹೇಗೆ?

ಹಳೇನಾಣ್ಯ
ಚಕ್ರವರ್ತಿ ತೀರಿಹೋಗಿದ್ದು 1926ರ ಡಿಸೆಂಬರ್ 25ರ ನಸುಕಿನಲ್ಲಿ, ಹಯಾಮಾದ ಸಮುದ್ರ ತೀರದ ಬಂಗಲೆಯಲ್ಲಿ. ಅವತ್ತೇ ಶೋವಾ ಶುರು. ಡಿಸೆಂಬರ್ 31ಕ್ಕೆ ಶೋವಾ 1 ಮುಗೀತು, ಮಾರನೇ ದಿನ ಶೋವಾ 2. ಒಟ್ಟು ಏಳೇ ದಿನದ ವರ್ಷ. ಶೋವಾದ ಕೊನೆಯ ವರ್ಷ, 64, ಅದೂ ಏಳೇ ದಿನ. 1989ರ ಜನವರಿ 1ರಿಂದ 7.

ಅವತ್ತಿನ ಇನ್ನೊಂದು ಗಮ್ಮತ್ತು ಕೇಳು. ಹೊಸ ಹೆಸರು ಗುಟ್ಟಾಗಿತ್ತು. ಟೋಕಿಯೋದ ಒಂದು ದೊಡ್ಡ ಪತ್ರಿಕೆ ಎಲ್ಲರಿಗಿಂತ ಮುಂಚೆ ಹೊಡೀಬೇಕು ಅಂತ, ಹೊಸ ಕಾಲದ ಹೆಸರು 'ಕೋಬುನ್' ಅಂತ ಅಚ್ಚು ಹಾಕಿ ಹಂಚಿಬಿಟ್ಟಿತು. ಸ್ವಲ್ಪ ಹೊತ್ತಿಗೆ ಸರ್ಕಾರ 'ಶೋವಾ' ಅಂತ ಘೋಷಿಸಿತು. ಪತ್ರಿಕೆಯ ಮಾನ ಹೋಯಿತು. ಸುದ್ದಿ ಸೋರಿದ್ದಕ್ಕೆ ಸರ್ಕಾರ ಕೊನೇ ಗಳಿಗೆಯಲ್ಲಿ ಹೆಸರು ಬದಲಿಸಿತು ಅನ್ನೋರು ಇವತ್ತಿಗೂ ಇದ್ದಾರೆ. 2019ರಲ್ಲಿ ರೇವಾ ಹೆಸರನ್ನ ಘೋಷಿಸುವ ದಿನ, ಆಯ್ಕೆಗೆ ಕೂತವರ ಫೋನುಗಳನ್ನೆಲ್ಲ ಮೊದಲೇ ತೆಗೆದಿಟ್ಟುಕೊಂಡಿದ್ದರು.